ಬಲ್ಗೇರಿಯಾ ಅಕ್ಕನ ಮನೆಯಲ್ಲಿ ಮೂರು ಹಬ್ಬ: ಬ್ರೆಡ್ಡಿಗೆ ಐದು ಸ್ಟಾರ್, ದಾರಿಗೆ ಒಂದೂ ಇಲ್ಲ

ಬ್ರೆಡ್ಡಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಮೊದಲೇ ಹೇಳಿಬಿಡುತ್ತೇನೆ. ಸೋಮವಾರಪೇಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೇಕರಿ ನಡೆಸುತ್ತಿದ್ದೇನೆ. ದಿಲ್‌ಪಸಂದ್, ಹನಿ ಕೇಕ್, ಪಲ್ಯದ ಬನ್ನು, ಸಂತೆ ದಿನ ಮಧ್ಯಾಹ್ನದೊಳಗೆ ಖಾಲಿಯಾಗುವ ಖಾರಾ ಬನ್ನು. ನಮಗೆ ಈಸ್ಟ್ ತಂದುಕೊಡುವ ಹುಡುಗ 2025ರ ಫೆಬ್ರವರಿಯಲ್ಲಿ ಒಂದು ದಿನ, "ಅಕ್ಕಾ, ಮಾದಾಪುರದ ಆಚೆ ಒಂದು ಹೋಂಸ್ಟೇಲಿ ಜಡೆ ಹೆಣೆದ ಬ್ರೆಡ್ ಮಾಡ್ತಾರೆ. ಕಿತ್ತರೆ ದಾರದ ತರ ಎಳೆ ಎಳೆ ಬರುತ್ತೆ. ನಿಮ್ ಕೈಲಿ ಆಗಲ್ಲ ಬಿಡಿ" ಅಂದ. ಉರಿದುಹೋಯಿತು ನನಗೆ. ಅವತ್ತೇ ನಂಬರ್ ಇಸಿದುಕೊಂಡೆ.

ಹೋಂಸ್ಟೇ ಹೆಸರು ಬರೆಯುತ್ತಿಲ್ಲ. ಇರುವುದು ಮೂರೇ ರೂಮು, ಫೋನಿಗೆ ಉತ್ತರ ಕೊಟ್ಟು ಈಗಲೇ ಸಾಕಾಗಿದೆ, ಹಾಕಬೇಡಿ ಎಂದು ಮನೆಯವರೇ ಕೇಳಿಕೊಂಡರು. ಹುಡುಕುವುದೇನೂ ಕಷ್ಟವಲ್ಲ. ಮಾದಾಪುರದಲ್ಲಿ ಯಾವ ಜೀಪಿನವರನ್ನು ನಿಲ್ಲಿಸಿದರೂ "ಬಲ್ಗೇರಿಯಾ ಅಕ್ಕನ ಮನೆಗಾ?" ಎಂದು ಅವರೇ ಕೇಳುತ್ತಾರೆ. ಯಜಮಾನರು ಕೊಡವರು, ಹಡಗಿನ ಕೆಲಸದಲ್ಲಿದ್ದವರು. ಕಪ್ಪು ಸಮುದ್ರದ ವರ್ನಾ ಬಂದರಿನಲ್ಲಿ ಈ ಅಕ್ಕನನ್ನು ಕಂಡು, ಮದುವೆಯಾಗಿ, ಕಾಫಿ ತೋಟಕ್ಕೆ ಕರೆತಂದರು. ಹದಿನಾಲ್ಕು ವರ್ಷವಾಯಿತಂತೆ. ಅಕ್ಕ ಕನ್ನಡ ಧಾರಾಳವಾಗಿ ಆಡುತ್ತಾರೆ, ಏಕವಚನ ಬಹುವಚನದ ಗೊಡವೆ ಮಾತ್ರ ಇಟ್ಟುಕೊಂಡಿಲ್ಲ. ನಮ್ಮ ಅತ್ತೆಗೆ "ಅಮ್ಮ, ನೀನು ಇಲ್ಲಿ ಕೂತ್ಕೊಳ್ಳಿ" ಅಂದರು. ಎಪ್ಪತ್ನಾಲ್ಕು ವರ್ಷದ ಅತ್ತೆ ಬೇರೆ ಯಾರಾದರೂ ಹಾಗಂದಿದ್ದರೆ ಅಲ್ಲೇ ಎದ್ದು ಬರುತ್ತಿದ್ದರು. ಇವರ ಮಾತಿಗೆ ನಕ್ಕುಬಿಟ್ಟರು.

ಅವರು ವರ್ಷಕ್ಕೆ ಮೂರು ಸಲ ತಮ್ಮೂರಿನ ವಸಂತದ ಹಬ್ಬಗಳನ್ನು ಮಾಡಿ, ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರೆ: ಮಾರ್ಚ್ 1, ಈಸ್ಟರ್, ಮೇ 6. ನಾನು ಮೂರಕ್ಕೂ ಹೋದೆ. ಮೊದಲನೆಯದಕ್ಕೆ ಬ್ರೆಡ್ಡಿನ ಹೊಟ್ಟೆಕಿಚ್ಚು, ಎರಡನೆಯದಕ್ಕೆ ಬ್ರೆಡ್ಡು, ಮೂರನೆಯದಕ್ಕೆ ದುರಾಸೆ. ದುರಾಸೆಗೆ ತಕ್ಕ ಶಾಸ್ತಿಯೂ ಆಯಿತು, ಆಮೇಲೆ ಹೇಳುತ್ತೇನೆ.

ಮೊದಲು ದಾರಿ. ಡಾಂಬರು ಮುಗಿದ ಮೇಲೆ ಎರಡು ಕಿಲೋಮೀಟರು ಇದೆ, ಅದನ್ನು ರಸ್ತೆ ಅನ್ನಬೇಕಾದರೆ ದೊಡ್ಡ ಮನಸ್ಸು ಬೇಕು. ನಮ್ಮ ಓಮ್ನಿಯ ಹೊಟ್ಟೆ ಎರಡು ಕಡೆ ಉಜ್ಜಿತು. ಜೀಪು ಕಳಿಸುತ್ತಾರೆ, ಅದಕ್ಕೆ 300 ರೂಪಾಯಿ ಬೇರೆ. ಅದನ್ನು ಫೋನಿನಲ್ಲಿ ಮಾತಾಡುವಾಗಲೇ ಹೇಳಬಾರದಾ? ಒಂದು ರಾತ್ರಿ, ಮೂರು ಹೊತ್ತು ಊಟ ತಿಂಡಿ ಸೇರಿ ತಲೆಗೆ 2,400. ಕೊಡಗಿನ ಈಗಿನ ರೇಟಿಗೆ ಅದೇನೂ ಜಾಸ್ತಿಯಲ್ಲ. ಬಿಲ್ಲಿನ ಕೆಳಗೆ ಸಣ್ಣ ಸಣ್ಣದಾಗಿ ಸೇರಿಕೊಳ್ಳುವ ಬಾಬ್ತು ಮಾತ್ರ ನನ್ನಂಥ ಗಲ್ಲಾಪೆಟ್ಟಿಗೆಯವಳಿಗೆ ತಕ್ಷಣ ಕಣ್ಣಿಗೆ ಬೀಳುತ್ತದೆ. ದಾರದ ಗೊಂಬೆಗೆ 60, ಅವರ ಊರಿನ ಕಸೂತಿ ಬಟ್ಟೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರೆ 200. ಫೋಟೋ ನಾನು ತೆಗೆಸಿಕೊಳ್ಳಲಿಲ್ಲ. ಅತ್ತೆ ತೆಗೆಸಿಕೊಂಡರು.

ಮಾರ್ಚ್ 1 ಶನಿವಾರ ಬಿದ್ದಿತ್ತು. ಅಂಗಳದ ಹಗ್ಗದ ಮೇಲೆ ಅಕ್ಕನ ಮದುವೆಯ ಕೆಂಪು ರೇಷ್ಮೆ ಸೀರೆ ಉದ್ದಕ್ಕೆ ಹರವಿತ್ತು. "ಬಿಸಿಲಿಗೆ ಬಣ್ಣ ಹೋಗುತ್ತೆ ಕಣಮ್ಮಾ" ಎಂದು ಅತ್ತೆ ಚೀಲ ಕೆಳಗಿಡುವ ಮೊದಲೇ ಶುರು ಮಾಡಿದರು. ಅದು ಬಾಬಾ ಮಾರ್ತಾಗೆ ಅಂದರು ಅಕ್ಕ. "ಯಾವ ಬಾಬಾ? ಶಿರಡಿಯವರಾ?" ಎಂದು ಅತ್ತೆ ಎರಡು ಕೈಯನ್ನೂ ಜೋಡಿಸಿದರು. ಬಲ್ಗೇರಿಯನ್ ಭಾಷೆಯಲ್ಲಿ ಬಾಬಾ ಅಂದರೆ ಅಜ್ಜಿ. ಮಾರ್ಚ್ ತಿಂಗಳೇ ಒಬ್ಬಳು ಮುಂಗೋಪಿ ಅಜ್ಜಿ, ಮಾರ್ತಾ ಅಜ್ಜಿ. ಅವಳು ನಕ್ಕರೆ ಬಿಸಿಲು, ಸಿಟ್ಟಾದರೆ ಮತ್ತೆ ಹಿಮ. ಅವಳು ಬರುವ ಮೊದಲು ಮನೆ ಗುಡಿಸಿ ಸಾರಿಸಿರಬೇಕು, ಕಣ್ಣಿಗೆ ಬೀಳುವ ಹಾಗೆ ಹೊರಗೆ ಕೆಂಪು ಬಟ್ಟೆ ಹರವಿರಬೇಕು. ಅಜ್ಜಿ ಖುಷಿಯಾದರೆ ಚಳಿಗಾಲ ಹೋಯಿತು ಅಂತ ಲೆಕ್ಕ.

ಅತ್ತೆ ಪೂರ್ತಿ ಕೇಳಿ ಒಂದು ತಕರಾರು ತೆಗೆದರು. "ನಮ್ಮಲ್ಲಿ ಈ ಅಜ್ಜಿ ಸಿಟ್ಟಾದರೇ ಒಳ್ಳೆಯದು. ಮಾರ್ಚಲ್ಲಿ ಎರಡು ಮಳೆ ಬೀಳದೇ ಇದ್ದರೆ ಕಾಫಿ ಹೂ ಎಲ್ಲಿಂದ ಬರಬೇಕು?" ಹೂ ಮಳೆಗೆ ಬಾಯಿಬಿಟ್ಟುಕೊಂಡು ಕೂತಿದ್ದ ಯಜಮಾನರು ಅತ್ತೆಯ ಪಕ್ಷ ಸೇರಿದರು. ಗಂಡ ಹೆಂಡತಿಗೆ ಈ ವಿಷಯದಲ್ಲಿ ಹದಿನಾಲ್ಕು ವರ್ಷದಿಂದಲೂ ಜಗಳವಂತೆ: ಒಬ್ಬರು ಬಿಸಿಲು ಬರಲಿ ಅಂತ ಸೀರೆ ಹರವುವುದು, ಇನ್ನೊಬ್ಬರು ಮಳೆ ಬರಲಿ ಅಂತ ಮುಗಿಲು ನೋಡುವುದು.

ಆಮೇಲೆ ದಾರ ಕಟ್ಟುವ ಶಾಸ್ತ್ರ. ಕೆಂಪು ಬಿಳಿ ದಾರ ಹೊಸೆದದ್ದಕ್ಕೆ ಮಾರ್ತೆನಿತ್ಸಾ ಅನ್ನುತ್ತಾರೆ. ಬಿಳಿ ಗೊಂಬೆ ಪಿಜೋ, ಅವನು ಗಂಡು. ಕೆಂಪು ಲಂಗದ್ದು ಪೆಂಡಾ, ಅವಳು ಹೆಣ್ಣು. ಜೋಡಿಯಾಗಿ ಎದೆಗೆ ಪಿನ್ನು ಹಾಕಿಕೊಳ್ಳಬಹುದು, ಇಲ್ಲವೇ ಬರೀ ದಾರ ಮಣಿಕಟ್ಟಿಗೆ ಕಟ್ಟಿಸಿಕೊಳ್ಳಬಹುದು. ತಾನೇ ಕಟ್ಟಿಕೊಳ್ಳುವುದಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡಬೇಕು, "ಚೆಸ್ತಿತಾ ಬಾಬಾ ಮಾರ್ತಾ" ಅನ್ನಬೇಕು. ಬಿಳಿ ಕೊಕ್ಕರೆಯೋ ಅಂಬರಗುಬ್ಬಿಯೋ ವರ್ಷದಲ್ಲಿ ಮೊದಲ ಸಲ ಕಣ್ಣಿಗೆ ಬೀಳುವ ತನಕ, ಅಥವಾ ಹೂ ಬಿಟ್ಟ ಮರ ಕಾಣುವ ತನಕ ಕೈಯಲ್ಲಿರಬೇಕು. ಕಂಡ ದಿನ ಬಿಚ್ಚಿ ಹಣ್ಣಿನ ಗಿಡದ ಕೊಂಬೆಗೆ ಕಟ್ಟುವುದು. ಆ ಕಡೆಯ ರುಮೇನಿಯಾ, ಮಾಲ್ಡೋವಾ, ಉತ್ತರ ಮ್ಯಾಸಿಡೋನಿಯಾದಲ್ಲೂ ಇದೇ ಪದ್ಧತಿ ಇದೆ, ನಾಲ್ಕು ದೇಶಕ್ಕೂ ಸೇರಿಸಿ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಹಾಕಿದೆ. ಈ ದಾರ ಬಂದದ್ದು ಹೇಗೆ ಎನ್ನುವುದಕ್ಕೆ ಒಂದು ಐತಿಹ್ಯ ಇದೆ. 681ರಲ್ಲಿ ರಾಜ್ಯ ಕಟ್ಟಿದ ಅಸ್ಪರೂಖ್ ಎಂಬ ಖಾನ್, ಹಕ್ಕಿಯ ಕಾಲಿಗೆ ಬಿಳಿ ದಾರ ಕಟ್ಟಿ ಸುದ್ದಿ ಕಳಿಸಿದ, ದಾರಿಯಲ್ಲಿ ಅದಕ್ಕೆ ರಕ್ತ ತಾಗಿತು ಅಂತ. ಯಜಮಾನರು ಅದನ್ನು ಮುಕ್ಕಾಲು ಗಂಟೆ ಹೇಳುತ್ತಾರೆ. ಕಾಫಿ ಕೈಯಲ್ಲಿ ಹಿಡಿದುಕೊಂಡು ಕೂರಿ.

ಕಾಯುವ ಹಕ್ಕಿಯದು ನಮ್ಮಲ್ಲಿ ಫಜೀತಿ. ಅಂಗಳದ ಕರೆಂಟ್ ತಂತಿಯ ಮೇಲೆ ಕವಲು ಬಾಲದ ಅಂಬರಗುಬ್ಬಿಗಳು ಸಾಲಾಗಿ ಕೂತಿದ್ದವು. ಅವು ನಮ್ಮ ಕಡೆ ಚಳಿಗಾಲ ಕಳೆಯಲು ಬಂದು, ಬೇಸಿಗೆ ಏರುವ ಹೊತ್ತಿಗೆ ಬಡಗಣಕ್ಕೆ ಹೊರಡುವ ಹಕ್ಕಿ. ಬಲ್ಗೇರಿಯಾದಲ್ಲಿ ಬಂತು ಅಂತ ಬಿಚ್ಚಿದರೆ, ಇಲ್ಲಿ ಹೋಯಿತು ಅಂತ ಬಿಚ್ಚಬೇಕು. ಅಕ್ಕ ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ: ಹಕ್ಕಿ ಬೇಡ, ಕಾಫಿ ಹೂ ಬಿಟ್ಟ ದಿನ ಬಿಚ್ಚಿ. ನನಗೆ ಇದು ತುಂಬ ಇಷ್ಟವಾಯಿತು. ದಾರದ ಬಿಳಿ ಕಾಫಿ ಹೂವಿಗೆ ಸರಿಹೋಯಿತು, ಕೆಂಪು ಹಣ್ಣಿಗೆ.

ದಾರಕ್ಕೆ ಬಳಸಿದ ಬಣ್ಣ ಮಾತ್ರ ಕಳಪೆ. ಅತ್ತೆ ಸಂಜೆ ಕೈಕಾಲು ತೊಳೆದು ಬಂದರೆ ಮಣಿಕಟ್ಟು, ಬಳೆ, ಸೀರೆಯ ಸೆರಗಿನ ಅಂಚು ಎಲ್ಲ ಗುಲಾಬಿ. ಅರವತ್ತು ರೂಪಾಯಿ ತೆಗೆದುಕೊಳ್ಳುವವರು ಬಣ್ಣ ಬಿಡದ ನೂಲು ತರಿಸಬೇಕು. ಹೇಳಿದೆ. "ಕುಂಕುಮ ಅಂದುಕೋ" ಅಂದರು ಅಕ್ಕ. ಅತ್ತೆ ಅಂದುಕೊಂಡರು, ನಾನು ಅಂದುಕೊಳ್ಳಲಿಲ್ಲ.

ಊಟಕ್ಕೆ ಬರುತ್ತೇನೆ. ಶನಿವಾರ ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಾಂಸದ ಮಾತು ಎತ್ತುವ ಪ್ರಸಂಗವೇ ಬರಲಿಲ್ಲ. ಅವರಲ್ಲೂ ಆ ವಾರ ಮಾಂಸ ಇಲ್ಲ, ಹಾಲು ಬೆಣ್ಣೆ ಮೊಟ್ಟೆಯದೇ ವಾರ. ಸೋಮವಾರದಿಂದ ಈಸ್ಟರ್ ತನಕದ ದೊಡ್ಡ ಉಪವಾಸ, ಆಗ ಅವೂ ಬಂದ್. ಬಾನಿತ್ಸಾ ಬಡಿಸಿದರು: ಕಾಗದದಷ್ಟು ತೆಳ್ಳಗೆ ಎಳೆದ ಹಿಟ್ಟಿನ ಹಾಳೆಗಳ ನಡುವೆ ಉಪ್ಪುನೀರಿನಲ್ಲಿಟ್ಟ ಬಿಳಿ ಚೀಸು ಉದುರಿಸಿ, ಸುರುಳಿ ಸುತ್ತಿ ಬೇಯಿಸಿದ್ದು. ಚೀಸಿಗೆ ಸಿರೆನೆ ಅನ್ನುತ್ತಾರೆ. ಅಂಗಡಿ ಪನೀರು ಹಾಕಿದರೆ ಸಪ್ಪೆಯಾಗುತ್ತದೆಂದು ಅಕ್ಕ ಮನೆಯ ಹಸುವಿನ ಹಾಲಿನಲ್ಲಿ ತಾವೇ ಮಾಡುತ್ತಾರೆ. ಬೇಕರಿಯವಳಾಗಿ ಹೇಳುತ್ತೇನೆ, ನಮ್ಮ ಪಫ್ಸ್ ಇದರ ಮುಂದೆ ನಾಚಿಕೊಳ್ಳಬೇಕು. ಡಾಲ್ಡಾ ವಾಸನೆ ಇಲ್ಲ, ಪದರ ಹಲ್ಲಿಗೆ ಅಂಟುವುದಿಲ್ಲ, ಕೆಳಭಾಗವೂ ಗರಿಗರಿ.

ಬಡಿಸುತ್ತಿದ್ದವರು ಅಕ್ಕನ ತಾಯಿ. ಮೂರು ತಿಂಗಳಿಗೆಂದು ಬಂದಿದ್ದರು, ಕನ್ನಡ ಒಂದಕ್ಷರ ಬಾರದು. ಎಲ್ಲರೂ ಅವರನ್ನು ಬಾಬಾ ಅನ್ನುತ್ತಿದ್ದುದರಿಂದ ನಾವೂ ಬಾಬಾ ಅಂದೆವು. ಅತ್ತೆ ತಟ್ಟೆ ತೋರಿಸಿ, ಬೆರಳು ಸೇರಿಸಿ ಮೊಟ್ಟೆಯ ಆಕಾರ ಮಾಡಿ, "ಇದರಲ್ಲಿ ಇದ್ಯಾ?" ಎಂದು ಸನ್ನೆಯಲ್ಲಿ ಕೇಳಿದರು. ಬಾಬಾ ನಗುತ್ತಾ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಇಲ್ಲ ಅಂದರಲ್ಲ ಎಂದು ಅತ್ತೆ ನೆಮ್ಮದಿಯಾಗಿ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಚಾಚಿದರು. ಬಲ್ಗೇರಿಯಾದವರು ಹೌದು ಅನ್ನಲು ತಲೆ ಅಡ್ಡಡ್ಡ ಆಡಿಸುತ್ತಾರೆ, ಇಲ್ಲ ಅನ್ನಲು ಮೇಲೆ ಕೆಳಗೆ! ನನಗೆ ಗೊತ್ತಾದದ್ದು ಅಡುಗೆಮನೆಯ ಕಸದ ಬುಟ್ಟಿಯಲ್ಲಿ ಮೊಟ್ಟೆ ಚಿಪ್ಪು ನೋಡಿದ ಮೇಲೆ. ಅತ್ತೆಗೆ ರಾತ್ರಿ ಮಲಗುವಾಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಆಡಿಸಿದ್ದು ಅವಳು, ಪಾಪ ಅವಳಿಗೆ" ಎಂದು ಗೋಡೆ ಕಡೆ ತಿರುಗಿದರು.

ಆ ಪಾಪಕ್ಕೆ ಪರಿಹಾರ ಮಾರನೇ ದಿನವೇ ಇತ್ತು. ಮಾರ್ಚ್ 2ರ ಭಾನುವಾರ ಅವರ ಸಿರ್ನಿ ಜಗೋವೆಜ್ನಿ, ಈಸ್ಟರಿಗೆ ಸರಿಯಾಗಿ ಏಳು ವಾರ ಮೊದಲು ಬರುವ ದಿನ. ಅವತ್ತು ಕ್ಷಮೆ ಕೇಳುವ ಪದ್ಧತಿ. ಕಿರಿಯರು ಹಿರಿಯರ ಕೈಗೆ ಮುತ್ತಿಟ್ಟು, ವರ್ಷದಲ್ಲಿ ಮಾಡಿದ್ದಕ್ಕೆಲ್ಲ ಕ್ಷಮಿಸು ಅನ್ನಬೇಕು. ಹಿರಿಯರು ದೇವರು ಕ್ಷಮಿಸಲಿ ಅನ್ನಬೇಕು. ಅಕ್ಕ ತನ್ನ ತಾಯಿಯ ಕೈ ಹಿಡಿದರು, ಮಗ ಅಪ್ಪ ಅಮ್ಮನ ಕೈ ಹಿಡಿದ. ಬಾಬಾ ಎದ್ದು ಬಂದು ನಮ್ಮ ಅತ್ತೆಯ ಎದುರು ನಿಂತರು. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಬಾಬಾ ಬೆರಳು ಸೇರಿಸಿ ಮೊಟ್ಟೆಯ ಆಕಾರ ಮಾಡಿದರು, ಎದೆ ಮುಟ್ಟಿಕೊಂಡರು. ಅತ್ತೆ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಬಾಬಾ ಮುಖ ಸಣ್ಣದಾಯಿತು. ಅತ್ತೆಗೆ ನೆನಪಾಯಿತು, ಗಡಿಬಿಡಿಯಲ್ಲಿ ಅಡ್ಡಡ್ಡ ಆಡಿಸಿದರು.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅತ್ತೆ ಸೊಸೆ ಬಂದಿದ್ದೀರಿ, ಹೂಂ, ಅನ್ನುವ ಹಾಗೆ. ನಾನು ಅತ್ತೆಯ ಪಕ್ಕ ಕೂತು, ಬಾಯಿಗೆ ಬಂದದ್ದನ್ನು ಹೇಳಿದೆ. ಮೊದಲ ಓವನ್ ಕೊಳ್ಳುವಾಗ ಹಣ ಸಾಲದೆ ಅವರ ತವರಿನ ತಾಮ್ರದ ಹಂಡೆ ಮಾರಿದ್ದೆ, ತಳ ಸೋರುತ್ತಿತ್ತು ಅಂತ ಸುಳ್ಳು ಹೇಳಿದ್ದೆ. ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿತ್ತು. ಆ ಗುಜರಿಯವನೇ ಬಂದು ಹೇಳಿದ್ದ. ತೂಕದಲ್ಲಿ ನಿನಗೆ ಮೋಸ ಮಾಡಿದ್ದ ಅವನು, ಕೇಳೋಣ ಅಂದ್ರೆ ನೀನು ಬಾಯೇ ಬಿಡಲಿಲ್ಲ." 2,400 ರೂಪಾಯಿಗೆ ಇದನ್ನು ಯಾವ ರೆಸಾರ್ಟಿನವರು ಕೊಡುತ್ತಾರೆ ಹೇಳಿ.

ಅದೇ ರಾತ್ರಿ ಮಕ್ಕಳಿಗೊಂದು ಆಟ. ಮೇಲಿನ ತೊಲೆಯಿಂದ ದಾರ ಇಳಿಬಿಟ್ಟು, ತುದಿಗೆ ಹಲ್ವ ಅಥವಾ ಬೇಯಿಸಿದ ಮೊಟ್ಟೆ ಕಟ್ಟಿ, ಗಿರ್‍ರನೆ ತಿರುಗಿಸುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹಿಡಿಯಬೇಕು. ಅವರೂರಿನ ಬಿಳಿ ಹಲ್ವ ಇಲ್ಲಿ ಸಿಗದೆ ಅಕ್ಕ ಮೈಸೂರುಪಾಕು ಕಟ್ಟಿದ್ದರು. ಎರಡನೇ ಸುತ್ತಿಗೇ ಪುಡಿಪುಡಿಯಾಗಿ ಒಂದು ಮಗುವಿನ ಕಣ್ಣಿಗೆ ಬಿತ್ತು. ಕಡಲೆಕಾಯಿ ಚಿಕ್ಕಿ ಕಟ್ಟಿ ಎಂದು ಸಲಹೆ ಕೊಟ್ಟು ಬಂದಿದ್ದೇನೆ. ಮುಂದಿನ ಸಲ ನಾನೇ ಮಾಡಿಕೊಂಡು ಹೋಗಬೇಕೆಂದಿದ್ದೇನೆ, ಸ್ವಲ್ಪ ಬೆಲ್ಲ ಜಾಸ್ತಿ ಕಾಸಿ.

ಹೊರಡುವ ಹೊತ್ತಿಗೆ ಅತ್ತೆ ಮೊಸರಿಗೆ ಮರುಳಾಗಿದ್ದರು. ಬಲ್ಗೇರಿಯಾದವರಿಗೆ ಮೊಸರೆಂದರೆ ದೇಶಾಭಿಮಾನದ ವಿಷಯ. 1905ರಲ್ಲಿ ಸ್ತಾಮೆನ್ ಗ್ರಿಗೊರೊವ್ ಎಂಬ ಅವರ ವೈದ್ಯ ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾವನ್ನು ಗುರುತಿಸಿದ, ಅದಕ್ಕೆ ಹೆಸರೇ ಬಲ್ಗೇರಿಕಸ್ ಅಂತ ಬಿತ್ತು. ಅಕ್ಕನ ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ, ಹುಳಿ ನಾಲಿಗೆಯ ಬದಿಗೆ ಮಾತ್ರ ತಾಗುತ್ತದೆ. ಅತ್ತೆ ಹೆಪ್ಪು ಕೇಳಿದರು. ಅಷ್ಟು ಹೊತ್ತಿಗೆ ದೀಪ ಹಚ್ಚಿಯಾಗಿತ್ತು, ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದೂ ಇಲ್ಲ ಇಸಿದುಕೊಳ್ಳುವುದೂ ಇಲ್ಲ. ಹಾಗಾಗಿ ಇನ್ನೊಂದು ರಾತ್ರಿ ನಿಂತೆವು. ಒಂದು ಚಮಚ ಹೆಪ್ಪಿಗೆ ಇಬ್ಬರ ಖರ್ಚು 4,800 ಬಿತ್ತು. ಬೆಳಿಗ್ಗೆ ಅಕ್ಕ ತಮ್ಮ ಪುಟ್ಟ ಸ್ಟೀಲ್ ಡಬ್ಬಿಯಲ್ಲೇ ಹಾಕಿಕೊಟ್ಟರು. ಹೊರಡುವಾಗ ಬಾಗಿಲ ಹತ್ತಿರ ಪುಟ್ಟ ಬಾವುಟ ಸಿಕ್ಕಿಸುತ್ತಿದ್ದರು. ಮಾರ್ಚ್ 3 ತುರ್ಕರ ಆಳ್ವಿಕೆಯಿಂದ ಅವರ ವಿಮೋಚನೆಯ ದಿನ, 1878ರ ಸ್ಯಾನ್ ಸ್ಟೆಫಾನೊ ಒಪ್ಪಂದದ ನೆನಪಿಗೆ.

ಈಸ್ಟರ್. ನಾನು ಹೋದದ್ದೇ ಇದಕ್ಕೆ.

ಬಲ್ಗೇರಿಯಾದ ಆರ್ಥಡಾಕ್ಸ್ ಚರ್ಚಿನವರು ಈಸ್ಟರ್ ಮಟ್ಟಿಗೆ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ ಹಿಡಿಯುವುದರಿಂದ ಸಾಮಾನ್ಯವಾಗಿ ಅವರದು ಬೇರೆ ದಿನ, ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನದು ಬೇರೆ ದಿನ. 2025ರಲ್ಲಿ ಮಾತ್ರ ಎರಡೂ ಏಪ್ರಿಲ್ 20ಕ್ಕೇ ಬಂತು. ನಾನು ಶನಿವಾರ ಬೆಳಿಗ್ಗೆ ಆರಕ್ಕೇ ಹೋದೆ. ಬಾಗಿಲಿಗೆ ಯುಗಾದಿಯ ಒಣಗಿದ ಮಾವಿನ ತೋರಣ, ಅದರ ಮೇಲೆ ಹಿಂದಿನ ಭಾನುವಾರದ ಸೊಪ್ಪಿನ ಸಿಂಬಿ. ಅವರೂರಲ್ಲಿ ವಿಲ್ಲೋ ಎಂಬ ಮರದ ಎಳೆಕೊಂಬೆಯನ್ನು ಚರ್ಚಿನಿಂದ ತಂದು ಬಾಗಿಲಿಗೆ ಹಾಕುವುದು, ಇಲ್ಲಿ ಸಿಕ್ಕಿದ ಸೊಪ್ಪು. ಅದು ಹೂವಿನ ಹಬ್ಬ, ತ್ಸ್ವೆತ್ನಿತ್ಸಾ. ಹೂವಿನ ಹೆಸರಿಟ್ಟುಕೊಂಡವರೆಲ್ಲ ಆ ದಿನ ನೆಂಟರಿಗೆ ಊಟ ಹಾಕಬೇಕು. ನನ್ನ ಹೆಸರೂ ಹೂವಿನದೇ. ಸದ್ಯ, ಒಂದು ವಾರ ತಡವಾಗಿ ಹೋದೆ.

ಆ ಬ್ರೆಡ್ಡಿನ ಹೆಸರು ಕೊಜುನಾಕ್. ಒಂದು ಕಿಲೋ ಹಿಟ್ಟಿಗೆ ಆರು ಮೊಟ್ಟೆ, ಹಾಲು, ಸಕ್ಕರೆ, ಕರಗಿಸಿದ ಬೆಣ್ಣೆ, ಈಸ್ಟು. ನಿಂಬೆಸಿಪ್ಪೆಯ ಬದಲು ಅಕ್ಕ ಜನವರಿಯಲ್ಲಿ ಒಣಗಿಸಿಟ್ಟ ಕೊಡಗಿನ ಕಿತ್ತಳೆಯ ಸಿಪ್ಪೆ ಪುಡಿ ಹಾಕುತ್ತಾರೆ. ದ್ರಾಕ್ಷಿ ನೆನೆಸಲು ರಮ್ಮು. ಅಕ್ಕನ ಮಾವನವರು ನಿವೃತ್ತ ಸೈನಿಕರು, ಮಿಲಿಟರಿ ಕ್ಯಾಂಟೀನ್ ರಮ್ಮಿಗೆ ಕೊಡಗಿನಲ್ಲಿ ಬರವೇ? ಇಷ್ಟರ ತನಕ ನನಗೆ ಹೊಸದೇನೂ ಕಾಣಲಿಲ್ಲ. ಆಮೇಲೆ ಅಕ್ಕ ತೋಳು ಮೇಲೆ ಸರಿಸಿದರು.

ಹಿಟ್ಟನ್ನು ನಾದಲಿಲ್ಲ, ಬಡಿದರು. ಎರಡು ಕೈಯಲ್ಲಿ ಭುಜದೆತ್ತರಕ್ಕೆ ಎತ್ತಿ ಹಲಗೆಗೆ ಧಪ್ ಎಂದು ಅಪ್ಪಳಿಸಿ, ಎಳೆದು, ಮಡಚಿ, ಮತ್ತೆ ಎತ್ತಿ. ಬಾಬಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. ನೂರಾಗಬೇಕು. ನಲವತ್ತಕ್ಕೆ ಹಿಟ್ಟು ಹಲಗೆ ಬಿಡಲು ಶುರುವಾಯಿತು, ಎಪ್ಪತ್ತಕ್ಕೆ ಸದ್ದು ಬದಲಾಯಿತು, ಒದ್ದೆ ಬಟ್ಟೆ ಒಗೆಯುವ ಸದ್ದು ಹೋಗಿ ಅಂಗೈ ತಟ್ಟುವ ಸದ್ದು ಬಂತು. ನಡುನಡುವೆ ಕರಗಿದ ಬೆಣ್ಣೆಯಲ್ಲಿ ಕೈ ಅದ್ದಿ ಅದ್ದಿ ಒಳಗೆ ಕುಡಿಸುತ್ತಾರೆ. ಒಬ್ಬಟ್ಟಿನ ಕಣಕಕ್ಕೆ ಎಣ್ಣೆ ಕುಡಿಸುತ್ತಾ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದು ಇದನ್ನೇ! ಬೇಕರಿಯಲ್ಲಿ ಮಿಷನ್ನಿಗೆ ಹಾಕಿ ಗುಂಡಿ ಒತ್ತಿ ನಾನು ಅದನ್ನು ಮರೆತಿದ್ದೆ. ಎರಡು ಸಲ ಉಬ್ಬಲು ಬಿಟ್ಟು, ಉಂಡೆ ಲಟ್ಟಿಸಿ, ಹಾಳೆಗೆ ಮತ್ತೆ ಬೆಣ್ಣೆ ಸವರಿ, ಚಾಪೆಯಂತೆ ಸುರುಳಿ ಸುತ್ತಿ, ಅಂಥ ಮೂರು ಸುರುಳಿ ಸೇರಿಸಿ ಜಡೆ ಹೆಣೆಯುತ್ತಾರೆ. ಮೇಲೆ ಹಳದಿ ಲೋಳೆ, ಹರಳು ಸಕ್ಕರೆ, ಬಾದಾಮಿ.

ಮಧ್ಯಾಹ್ನ ಮೂರಕ್ಕೆ ಒಂದು ತುಂಡು ನನ್ನ ಕೈಗಿಟ್ಟರು. ಚಾಕು ಕೊಡಲಿಲ್ಲ, ಕೀಳಬೇಕಂತೆ. ಕಿತ್ತೆ. ಹಲಸಿನ ತೊಳೆ ಬಿಡಿಸಿದ ಹಾಗೆ ನೀಳವಾಗಿ ಎಳೆ ಎಳೆಯಾಗಿ ಬಂತು, ಒಂದೊಂದು ಎಳೆಯ ಆಚೆ ಬೆಳಕು ಕಾಣುತ್ತಿತ್ತು. ಕಿತ್ತಳೆಯ ಘಮ ನುಂಗಿದ ಮೇಲೆ ಬರುತ್ತದೆ. ಈಸ್ಟಿನ ಹುಡುಗನಿಗೆ ಅಲ್ಲಿಂದಲೇ ಫೋನ್ ಮಾಡಿ, "ನೀನು ಹೇಳಿದ್ದು ಸರಿ ಮಾರಾಯ" ಎಂದೆ. ಒಂದು ಕೊರತೆ ಬರೆದೇ ಬರೆಯುತ್ತೇನೆ: ತಳ ಸ್ವಲ್ಪ ಹೆಚ್ಚು ಕಂದಿತ್ತು. ಟ್ರೇ ಕೆಳಗೆ ಇನ್ನೊಂದು ಟ್ರೇ ಇಡಿ ಎಂದೆ, ಎರಡನೇ ಸರದಿಗೆ ಇಟ್ಟರು, ಸರಿಹೋಯಿತು. ಒಂದಕ್ಕೆ 450 ರೂಪಾಯಿ, ವಾರದ ಮೊದಲೇ ಹೇಳಿದರೆ ಪಾರ್ಸೆಲ್ ಮಾಡಿಕೊಡುತ್ತಾರೆ.

ಅವರ ಒಪ್ಪಿಗೆ ಕೇಳಿಯೇ ನಾನೂ ಮಾಡಿ ನೋಡಿದೆ. ಎರಡು ಸಲ ಬನ್ನಾಯಿತು. ನಮಗೆ ಬರುವ ಮೈದಾದಲ್ಲಿ ಅಷ್ಟು ಎಳೆತ ಇಲ್ಲ, ಮೈಸೂರಿನಿಂದ ಬ್ರೆಡ್ಡಿನ ಹಿಟ್ಟು ತರಿಸಬೇಕಾಯಿತು. ಮೂರನೇ ಸಲ ಎಳೆ ಬಂತು. ಜಡೆ ಬ್ರೆಡ್ ಎಂದು ಚೀಟಿ ಬರೆದು ಗಾಜಿನೊಳಗಿಟ್ಟರೆ, ಸಂತೆಗೆ ಬಂದವರೊಬ್ಬರು "ಬನ್ನಿನ ಹಂಗೇ ಅದೆ, ಮುನ್ನೂರು ಯಾಕೆ?" ಎಂದು ಖಾರಾ ಬನ್ನು ಕಟ್ಟಿಸಿಕೊಂಡು ಹೋದರು.

ಮೊಟ್ಟೆಯ ಬಣ್ಣದ ಕೆಲಸ ಶನಿವಾರ ಸಂಜೆ. ಗುರುವಾರವೇ ಮಾಡುವವರೂ ಇದ್ದಾರೆ. ಈರುಳ್ಳಿ ಸಿಪ್ಪೆ ಕುದಿಸಿದ ನೀರಿಗೆ ಹುಳಿ ಬೇಕು. ವಿನೆಗರ್ ಮುಗಿದಿತ್ತು ಎಂದು ಕಾಚಂಪುಳಿ ಹಾಕಿದರು, ಒಂದು ಪಾತ್ರೆ ಮೊಟ್ಟೆ ಗೋಲಿಯ ಹಾಗೆ ಕಪ್ಪಾಯಿತು. ಪಂದಿ ಕರಿಗೆ ಇರುವುದನ್ನು ಪಂದಿ ಕರಿಗೇ ಇಡಬೇಕು. ಮೊದಲ ಮೊಟ್ಟೆ ಯಾವತ್ತೂ ಕೆಂಪು. ಅದನ್ನು ಮಕ್ಕಳ ಹಣೆಗೆ ಕೆನ್ನೆಗೆ ಸವರಿ, ದೇವರ ಪಟದ ಹತ್ತಿರ ಮುಂದಿನ ಈಸ್ಟರ್ ತನಕ ಇಡುತ್ತಾರೆ. ಹೋದ ವರ್ಷದ್ದನ್ನು ಬಾಬಾ ನನ್ನ ಕಿವಿ ಹತ್ತಿರ ತಂದು ಅಲ್ಲಾಡಿಸಿದರು, ಒಳಗೆ ಒಣಗಿದ್ದು ಗಟಗಟ ಅಂತು.

ಮಾರನೇ ದಿನ "ಹ್ರಿಸ್ತೋಸ್ ವೋಸ್ಕ್ರೆಸೆ" (ಕ್ರಿಸ್ತ ಎದ್ದು ಬಂದ) ಎಂದು ಒಬ್ಬರು, "ವೋಯಿಸ್ತಿನಾ ವೋಸ್ಕ್ರೆಸೆ" (ನಿಜವಾಗಿ ಎದ್ದು ಬಂದ) ಎಂದು ಇನ್ನೊಬ್ಬರು, ಆಮೇಲೆ ಮೊಟ್ಟೆಗೆ ಮೊಟ್ಟೆ ಗುದ್ದುವ ಪಂದ್ಯ. ಒಡೆಯದೆ ಉಳಿದದ್ದು ಬೊರಾಕ್, ಪೈಲ್ವಾನ ಮೊಟ್ಟೆ. ಅವತ್ತು ಭಾನುವಾರ, ಅತ್ತೆಗೆ ಮೊಟ್ಟೆ ನಡೆಯುತ್ತದೆ; ಬೆಳಿಗ್ಗೆ ಬಸ್ಸಿಗೆ ಬಂದಿದ್ದರು. ಬುಟ್ಟಿಯಲ್ಲಿದ್ದ ಚೆಂದದ ಫಾರಂ ಮೊಟ್ಟೆಗಳನ್ನೆಲ್ಲ ಬದಿಗೆ ಸರಿಸಿ, ಬಣ್ಣ ಸರಿಯಾಗಿ ಹಿಡಿಯದೆ ಮೂಲೆಗೆ ಬಿದ್ದಿದ್ದ ಒಂದು ಪುಟ್ಟ ನಾಟಿ ಕೋಳಿ ಮೊಟ್ಟೆ ಆರಿಸಿಕೊಂಡರು. ಹನ್ನೊಂದು ಜನರ ಮೊಟ್ಟೆ ಒಡೆದರು. ಬೆಂಗಳೂರಿನ ಹುಡುಗನೊಬ್ಬ "ಅಜ್ಜಿ, ಚೀಟಿಂಗ್" ಅಂದಾಗ, "ಕೋಳಿ ಸಾಕಿದೀಯಾ ನೀನು?" ಎಂದು ಕೇಳಿದರು.

ಆ ಮನೆಯ ಮಗನ ಕೋಣೆಯ ಗೋಡೆ ನೋಡಿ ಬನ್ನಿ. ನಮ್ಮ ವರ್ಣಮಾಲೆ ಒಂದು ಕಡೆ, ಸಿರಿಲಿಕ್ ಅಕ್ಷರದ ಪಟ ಇನ್ನೊಂದು ಕಡೆ. ನಮ್ಮದು 49, ಬಲ್ಗೇರಿಯನ್ನರದು 30. ಅವರು ಮೇ 24ರಂದು ಅಕ್ಷರಕ್ಕೇ ರಜೆ ಕೊಟ್ಟು ಹಬ್ಬ ಮಾಡುತ್ತಾರೆ. ನವೆಂಬರ್ 1 ಕೂಡ ಅವರಿಗೆ ದೊಡ್ಡ ದಿನ: ನಾಡಿನ ಜನರನ್ನು ಓದು ಬರಹದಿಂದ ಎಚ್ಚರಿಸಿದವರನ್ನು ನೆನೆಯುವುದು. "ರಾಜ್ಯೋತ್ಸವಕ್ಕೆ ನಮ್ಮಮ್ಮ ಎರಡು ಸಲ ಹ್ಯಾಪಿ ಹೇಳ್ತಾರೆ" ಅಂದ ಹುಡುಗ.

ಮೇ 6ರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಸಂತ ಜಾರ್ಜ್ ಹಬ್ಬ, ಗೆರ್ಗ್ಯೋವ್‌ದೆನ್. ಕುರಿಗಾಹಿಗಳ ಹಬ್ಬ, ಅಲ್ಲಿನ ಸೈನ್ಯದ ದಿನವೂ ಅದೇ, ಕುರಿಮರಿ ಊಟ ಆಗಲೇಬೇಕು. ಪಿರಿಯಾಪಟ್ಟಣದ ಕಡೆಯಿಂದ ಮರಿ ತರಿಸಿದ್ದರು. ಬೆಳಿಗ್ಗೆ ಇಬ್ಬನಿಯಲ್ಲಿ ಕೈಕಾಲು ಮುಖ ಒದ್ದೆ ಮಾಡಿಕೊಳ್ಳುವುದೆಂದು ಎಬ್ಬಿಸಿದರು. ರಾತ್ರಿಯಿಡೀ ಗುಡುಗು ಮಳೆ ಹುಯ್ದು ಇಬ್ಬನಿ ಯಾವುದು ಕೆಸರು ಯಾವುದು ಗೊತ್ತಾಗಲಿಲ್ಲ. ಬೆಳಗಿನ ಜಾವ ಹೋದ ಕರೆಂಟು ಸಂಜೆ ತನಕ ಬರಲಿಲ್ಲ, ಒಂದೂವರೆಗೆ ಅಂದಿದ್ದ ಊಟ ನಾಲ್ಕಕ್ಕೆ ಬಂತು. ಒಳಗೆ ತುಂಬಿದ ಈಲಿ, ಅಕ್ಕಿ, ಈರುಳ್ಳಿ ಹೂ, ಪುದೀನ ಅದ್ಭುತ. ಹೊರಗಿನ ಮಾಂಸ ಅಗಿದು ಅಗಿದು ದವಡೆ ನೋವು. ಅದಕ್ಕಿಂತ ದೊಡ್ಡ ತೊಂದರೆ, ಎರಡು ಕಾರು ತುಂಬ ಬಂದ ಒಂದು ಗುಂಪು ಬ್ಯಾಟರಿ ಸ್ಪೀಕರಿನಲ್ಲಿ ತಮ್ಮ ಹಾಡು ಹಾಕಿ ಬಾಬಾ ಹಾಡಲು ಶುರು ಮಾಡಿದ್ದನ್ನು ಮುಳುಗಿಸಿಬಿಟ್ಟಿತು. ಮನೆಯವರು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಅವತ್ತು ಚೆನ್ನಾಗಿದ್ದದ್ದು ಒಂದೇ. ಗೆರ್ಗ್ಯೋವ್‌ದೆನ್‌ಗೆ ಉಯ್ಯಾಲೆ ಕಟ್ಟಿ ತೂಗಿಕೊಳ್ಳುವುದು, ತಕ್ಕಡಿಯಲ್ಲಿ ತೂಕ ನೋಡಿಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದಂತೆ. ಉಯ್ಯಾಲೆಯ ಹಗ್ಗ ನೋಡಿ ನಾನು ಹತ್ತಲಿಲ್ಲ. ತೂಕ ನೋಡಿದ್ದು ಕಣದ ಪಕ್ಕದ ಕಾಟಾದಲ್ಲಿ, ಕಾಫಿ ಮೂಟೆ ತೂಗುವುದರಲ್ಲಿ. ತೋಟದ ರೈಟರು ಪುಸ್ತಕ ಹಿಡಿದು ಎಲ್ಲರ ತೂಕವನ್ನೂ ಗಂಭೀರವಾಗಿ ಬರೆದುಕೊಂಡರು. ನಾನು ಒಂದು ಮೂಟೆ, ಮೇಲೆ ಹದಿನೆಂಟು ಕಿಲೋ. ಅತ್ತೆ ಒಂದು ಮೂಟೆಗೆ ಮೂರು ಕಮ್ಮಿ. "ತೇವ ಕಳೆದು ಬರ್ಕೊಳ್ಳಪ್ಪಾ" ಅಂದರು ಅತ್ತೆ.

ನನ್ನ ಮಾತು ಕೇಳುವುದಾದರೆ ಮಾರ್ಚ್ 1ಕ್ಕೂ ಈಸ್ಟರಿಗೂ ಹೋಗಿ, ಮೇ 6 ಬಿಡಿ. 2026ರ ಮಾರ್ಚ್ 1 ಭಾನುವಾರ, ಅವರ ಈಸ್ಟರ್ ಏಪ್ರಿಲ್ 12, ವಿರಾಜಪೇಟೆಯದು 5ಕ್ಕೇ ಮುಗಿದಿರುತ್ತದೆ. ಓಮ್ನಿ, ಆಲ್ಟೋ ತರಬೇಡಿ. ದಾರ ಕಟ್ಟಿಸಿಕೊಳ್ಳುವ ದಿನ ಬಿಳಿ ಸೀರೆ ಉಡಬೇಡಿ. ತಲೆ ಆಡಿಸಬೇಡಿ, ಬಾಯಲ್ಲೇ ಹೇಳಿ.

ಅತ್ತೆಯ ದಾರ ಮಾರ್ಚ್ ಕೊನೆಗೆ ನಮ್ಮ ಹಿತ್ತಲಿನ ಕಾಫಿ ಗಿಡಕ್ಕೆ ಹೋಯಿತು. ಹೂ ಮಳೆ ಬಂದು ವಾರ ಕಳೆದು ಗಿಡವೆಲ್ಲ ಬಿಳಿಯಾದ ಬೆಳಿಗ್ಗೆ ಅವರೇ ಕಟ್ಟಿದ್ದರು. ಈಗ ಕಾಫಿ ಕುಯ್ಯುವಾಗ ನೋಡಿದೆ, ಮಳೆಗಾಲ ಪೂರ್ತಿ ನೆನೆದು ಕೆಂಪು ಬಿಳಿ ಎರಡೂ ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿದೆ, ಗಂಟು ಮಾತ್ರ ಬಿಚ್ಚಿಲ್ಲ. ಹೆಪ್ಪು ನವೆಂಬರಿನ ಚಳಿಗೆ ಕೆಟ್ಟುಹೋಯಿತು, ಅತ್ತೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮಾರ್ಚಿಗೆ ಎರಡು ಹಾಸಿಗೆ ಈಗಲೇ ಹೇಳಿಸಿದ್ದಾರೆ. ಅಕ್ಕನ ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಇದೆ. ಖಾಲಿ ಡಬ್ಬಿ ಹಿಂದಕ್ಕೆ ಕೊಡುವ ಹಾಗಿಲ್ಲವಲ್ಲ, ಏನು ತುಂಬಿ ಒಯ್ಯುವುದೆಂದು ದಿನಕ್ಕೊಂದು ಹೇಳುತ್ತಿದ್ದಾರೆ. ಇವತ್ತಿನ ಲೆಕ್ಕದಲ್ಲಿ ಚಿಕ್ಕಿ.